ಮನೆಯ ಬೆನ್ನಿಗೆ ಕಟ್ಟಿದ ಸೈಕಲ್ಲು

ನನ್ನ ಆ ಸೈಕಲ್ಲಿಗೆ ಮೂರು ಗಾಲಿಗಳಿದ್ದವು. ಕೈಯಲ್ಲಿ ತುಳಿಯುವ ಸೈಕಲ್ಲು. ತುಳಿಯುವುದು ಅನ್ನುವ ಮಾತು ಕೈಗೆ ಒಪ್ಪುವುದಿಲ್ಲ ಅಂತ ಗೊತ್ತು, ಆದರೂ ನಾನು ಹಾಗೇ ಹೇಳುತ್ತಿದ್ದೆ. ಎದೆಯ ಮಟ್ಟಕ್ಕೆ ಪೆಡಲು, ಅಲ್ಲಿಂದ ಮುಂದಿನ ಗಾಲಿಗೆ ಚೈನು, ಸೀಟಿನ ಪಕ್ಕದಲ್ಲಿ ಸಾಣೆಕಲ್ಲು. ಸೈಕಲ್ಲು ನಿಲ್ಲಿಸಿ ಚೈನು ಬದಲಿಸಿ ಹಾಕಿಕೊಂಡರೆ ಅದೇ ಪೆಡಲು ಕಲ್ಲನ್ನು ತಿರುಗಿಸುತ್ತಿತ್ತು. ಊರಿನ ಈಳಿಗೆಮಣೆ, ಕತ್ತರಿ, ಕುಡುಗೋಲು, ಕ್ಷೌರದ ಕತ್ತಿ ಎಲ್ಲವೂ ನನ್ನ ಕೈಯಲ್ಲೇ ಹರಿತವಾಗುತ್ತಿದ್ದವು. ಸಾಣೆ ರುದ್ರಾಣಿ ಅಂತಲೇ ನನ್ನನ್ನು ಕರೆಯುತ್ತಿದ್ದರು. ಕುಂಟಿ ರುದ್ರಾಣಿ ಅಂತ ಯಾರೂ ಕರೆಯಲಿಲ್ಲ. ಅದಕ್ಕೆ ಆ ಸೈಕಲ್ಲೇ ಕಾರಣ ಅಂತ ನಾನು ತಿಳಿದುಕೊಂಡಿದ್ದೆ.

ನಮ್ಮೂರಿನಲ್ಲಿ ಮನೆಗಳಿಗೂ ಗಾಲಿ. ವರ್ಷಕ್ಕೊಮ್ಮೆ ನೆಲ ಬೆಚ್ಚಗಾಗತೊಡಗುತ್ತದೆ. ಮೊದಲು ನಾಯಿಗಳು ಮಲಗುವ ಜಾಗ ಬದಲಿಸುತ್ತವೆ, ಆಮೇಲೆ ಬರಿಗಾಲಲ್ಲಿ ಗುಡಿಸುವ ಹೆಂಗಸರು ಚಪ್ಪಲಿ ಮೆಟ್ಟುತ್ತಾರೆ, ಕೊಡದ ನೀರೂ ಬೆಚ್ಚಗಾಗಿ ಕುಡಿಯಲು ಬೇಸರವಾಗುತ್ತದೆ. ಆಗ ಊರು ಹೊರಡುತ್ತದೆ. ಜೀಪು, ಟ್ರ್ಯಾಕ್ಟರು, ಲಾರಿ, ಯಾರಿಗೆ ಏನಿದೆಯೋ ಅದರ ಹಿಂದೆ ಗಾಡಿಮನೆಯ ಕೊಂಡಿ ಸಿಕ್ಕಿಸಿಕೊಂಡು ಸಾಲಾಗಿ ಹೋಗುತ್ತೇವೆ. ದಾರಿಯಲ್ಲಿ ಯಾರೂ ನಿಲ್ಲಿಸುವಂತಿಲ್ಲ, ಬಿದ್ದದ್ದನ್ನು ಎತ್ತಿಕೊಳ್ಳಲು ಹಿಂದಕ್ಕೆ ತಿರುಗುವಂತಿಲ್ಲ. ಹೊಸ ಜಾಗ ತಲುಪಿ ಯಾರದಾದರೂ ಒಲೆಯಿಂದ ಮೊದಲ ಹೊಗೆ ಎದ್ದಿತೋ, ಅಲ್ಲಿಗೆ ದಾರಿಯ ಮಾತು ಮುಗಿಯಿತು, ಬಿಟ್ಟುಬಂದ ಜಾಗದ ಮಾತೂ ಮುಗಿಯಿತು. ಆಮೇಲೂ ಆಡಿದವರ ಮನೆಯ ಕೆಳಗೆ ನೆಲ ಬೇಗ ಬಿಸಿಯಾಗುತ್ತದೆ. ಪಕ್ಕದ ಮನೆಗಳಿಗೆ ಹರಡಬಾರದೆಂದು ಅಂಥ ಮನೆಯನ್ನು ಊರಾಚೆಗೆ ಎಳೆದು ನಿಲ್ಲಿಸುತ್ತಾರೆ. ನಾವು ಇದಕ್ಕೆಲ್ಲ ಒಗ್ಗಿಹೋಗಿದ್ದೇವೆ. ಹಳೆಯದು ಏನಾದರೂ ನಾಲಿಗೆ ತುದಿಗೆ ಬಂದರೆ ಅದಿರಲಿ ಅಂದು ಬೇರೆ ಮಾತು ತೆಗೆಯುತ್ತೇವೆ. ಹೊರಗಿನಿಂದ ಮದುವೆಯಾಗಿ ಬಂದ ಹುಡುಗಿಯರು ಮಾತ್ರ ಮೊದಲ ವರ್ಷವೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಓಡಾಡುತ್ತಾರೆ.

ನನ್ನ ಪಕ್ಕದ ಮನೆ ಲೋಕಾಚಾರಿಯದು. ಮರಗೆಲಸದವನು, ಊರಿನ ಅರ್ಧ ಗಾಡಿಮನೆಗಳ ಮೈ ಕಟ್ಟಿದವನು. ನಾನು ಲೋಕಣ್ಣ ಅನ್ನುತ್ತೇನೆ, ಅವನ ಹೆಂಡತಿ ಕಾಳಮ್ಮನನ್ನು ಅತ್ತಿಗೆ ಅನ್ನುತ್ತೇನೆ. ಅವರ ಮನೆಯನ್ನು ಲೋಕಣ್ಣನ ಜೀಪು ಎಳೆಯುತ್ತಿತ್ತು. ನನ್ನ ಗುಬ್ಬಚ್ಚಿ ಗೂಡಿನಂಥ ಮನೆಯನ್ನು ಅತ್ತಿಗೆ ತನ್ನ ಟ್ರ್ಯಾಕ್ಟರಿಗೆ ಕಟ್ಟಿಕೊಳ್ಳುತ್ತಿದ್ದಳು. ನಾನು ಜೀಪಿನಲ್ಲಿ ಲೋಕಣ್ಣನ ಪಕ್ಕ ಕೂರುತ್ತಿದ್ದೆ. ತೊಂದರೆಯೆಲ್ಲ ಸೈಕಲ್ಲಿನದು. ಅದು ನನ್ನ ಮನೆಯ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ, ಹಾಗಾಗಿ ಜೀಪಿನ ನೆತ್ತಿಗೆ ಏರಬೇಕಿತ್ತು. ಕಬ್ಬಿಣದ ಮೈ, ಜೊತೆಗೆ ಕಲ್ಲು. ಇಬ್ಬರ ಕೈಯಲ್ಲಿ ಆಗುವ ಮಾತಲ್ಲ. ಎಲ್ಲರೂ ತಮ್ಮ ತಮ್ಮ ಗಂಟು ಕಟ್ಟುವ ಗಡಿಬಿಡಿಯಲ್ಲಿರುವಾಗ ಲೋಕಣ್ಣ ಹೋಗಿ ಆಳುಗಳನ್ನು ಕರೆದುಕೊಂಡು ಬರುತ್ತಿದ್ದ. ಅವರು ಪಂಚೆ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು ಅದನ್ನು ಮೇಲೆತ್ತುವಾಗ ನಾನು ಒಂದು ಸ್ಟೂಲಿನ ಮೇಲೆ ಕೂತು ನೋಡುತ್ತಿರಬೇಕು. ನೋಡದೆ ಮುಖ ತಿರುಗಿಸಿದರೆ ಅಹಂಕಾರ ಅಂದುಕೊಂಡಾರು ಅಂತ ನೋಡುತ್ತಿದ್ದೆ. ಹಿಂದೊಂದು ಸಲ ಎತ್ತುವಾಗ ಒಬ್ಬನ ಬೆನ್ನು ಹಿಡಿದುಕೊಂಡು ಅವನು ಬಹಳ ದಿನ ಮಲಗಿದ. ಅವನ ಹೆಂಡತಿ ನನಗೆ ಏನೂ ಅನ್ನಲಿಲ್ಲ. ಈಳಿಗೆಮಣೆ ತಂದುಕೊಟ್ಟಾಗ ನನ್ನ ಮುಖ ನೋಡುವುದನ್ನು ಬಿಟ್ಟಳು, ಅಷ್ಟೆ.

ಅದಕ್ಕೇ ಈ ಸಲ ನೆಲ ಬೆಚ್ಚಗಾಗುವ ಮೊದಲೇ ಲೋಕಣ್ಣನ ಹತ್ತಿರ ಹೋದೆ. ನಿಮ್ಮ ಮನೆಯ ಹಿಂಬದಿಗೆ ಒಂದು ಕಬ್ಬಿಣದ ಚೌಕಟ್ಟು ಮಾಡಿ, ಸೈಕಲ್ಲನ್ನು ಅದಕ್ಕೇ ಕಟ್ಟಿಬಿಡಿ, ನೆಲದಿಂದ ಒಂದು ಮೊಳ ಎತ್ತಿದರೆ ಸಾಕಾಗುತ್ತದೆ, ನೀವೂ ಅತ್ತಿಗೆಯೂ ಇಬ್ಬರೇ ಸಾಕು ಅಂದೆ. ಲೋಕಣ್ಣ ಉಜ್ಜುಗೊರಡು ಕೆಳಗಿಟ್ಟು, ಆಗುವುದಿಲ್ಲ ಅಂದ. ಅವನು ಹಾಗೆ ನೇರವಾಗಿ ಇಲ್ಲ ಅಂದವನೇ ಅಲ್ಲ. ಎಳೆಯುವ ಮನೆಯ ಭಾರ ಯಾವತ್ತೂ ಮೂತಿಯ ಕಡೆ, ಕೊಂಡಿಯ ಮೇಲೆ ಕೂರಬೇಕು ಅಂತ ವಿವರಿಸಿದ. ಬಾಲಕ್ಕೆ ಭಾರ ಬಿದ್ದರೆ ಮೂತಿ ಹಗುರಾಗುತ್ತದೆ, ಮೂತಿ ಹಗುರಾದ ಮನೆ ಇಳಿಜಾರಿನಲ್ಲಿ ಬಾಲ ಆಡಿಸತೊಡಗುತ್ತದೆ, ಒಮ್ಮೆ ಶುರುವಾದರೆ ಎಳೆಯುವ ಜೀಪನ್ನೂ ಅದು ಆಡಿಸುತ್ತದೆ ಅಂದ. ಒಂದು ಹಲಗೆಯ ತುಂಡನ್ನು ಮೊಳೆಗೆ ಸಿಕ್ಕಿಸಿ ತೋರಿಸಿದ ಕೂಡ. ನನಗೆ ಅರ್ಥವಾಯಿತು. ಅರ್ಥವಾದರೂ ನಾನು ಬಿಡಲಿಲ್ಲ. ಆ ಗಂಡಸರು ನನ್ನ ಸೈಕಲ್ಲಿಗೆ ಹೆಗಲು ಕೊಡುವುದನ್ನು ಮತ್ತೆ ಕೂತು ನೋಡಲಾರೆ ಅಂದೆ. ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಬೇಕೆಂದು ಅತ್ತದ್ದಲ್ಲ. ಆದರೆ ಅಳು ನೋಡಿ ಅವನ ಮುಖ ಬದಲಾಗುತ್ತಿರುವುದು ಕಂಡಿತು, ಕಂಡ ಮೇಲೂ ನಾನು ಕಣ್ಣೊರೆಸಿಕೊಳ್ಳಲಿಲ್ಲ.

"ಆಯ್ತು ಬಿಡು ತಂಗಿ. ಮೂತಿಗೆ ಅಷ್ಟೇ ಭಾರ ಇಟ್ಟು ಸರಿದೂಗಿಸ್ತೀನಿ," ಅಂದ.

ಹೇಳಿದಂತೆ ಮಾಡಿದ. ಚೌಕಟ್ಟನ್ನು ಬೆಸುಗೆ ಹಾಕಿಸಿ ಮನೆಯ ಬೆನ್ನಿಗೆ ಬೋಲ್ಟು ಹೊಡೆದ. ಹೊರಡುವ ದಿನ ಸೈಕಲ್ಲಿನ ಮೈಗೆ ಗೋಣಿಚೀಲ ಸುತ್ತಿ, ಗಾಲಿಗಳು ತಿರುಗದಂತೆ ಕಡ್ಡಿಗಳ ನಡುವೆ ಹಗ್ಗ ತೂರಿಸಿ, ಹಳೆಯ ಟ್ಯೂಬಿನ ರಬ್ಬರಿನಿಂದ ಎಳೆದೆಳೆದು ಬಿಗಿದ. ಕೈಯಲ್ಲಿ ಅಲುಗಾಡಿಸಿ ನೋಡಿದ, ಜೋತುಬಿದ್ದು ನೋಡಿದ. ಅವರಿಬ್ಬರ ಎರಡು ಸಾದಾ ಸೈಕಲ್ಲುಗಳು ಎಂದಿನಂತೆ ಜೀಪಿನ ನೆತ್ತಿಯ ಮೇಲೆ ತಲೆಕೆಳಗಾಗಿ ಕೂತವು. ಮನೆಯ ಒಳಗೆ ಮೂತಿಯ ಕಡೆ ರುಬ್ಬುವ ಒರಳು, ಅಕ್ಕಿಯ ಡಬ್ಬ, ಅವನ ಹತಾರದ ಪೆಟ್ಟಿಗೆ, ಭಾರದ್ದನ್ನೆಲ್ಲ ಸೇರಿಸಿ ಇಟ್ಟ. ಆಳುಗಳನ್ನು ಕರೆಯುವ ಪ್ರಸಂಗ ಬರಲಿಲ್ಲ. ಆ ಬೆಳಿಗ್ಗೆ ನನಗೆ ಎಷ್ಟು ಹಗುರಾಗಿತ್ತೆಂದರೆ, ದಾರಿಗೆಂದು ಅವಲಕ್ಕಿ ಒಗ್ಗರಣೆ ಹಾಕುವಾಗ ಏನೋ ಗುನುಗಿಕೊಳ್ಳುತ್ತಿದ್ದೆ.

ಊರು ಹೊರಟಿತು. ಅತ್ತಿಗೆಯ ಟ್ರ್ಯಾಕ್ಟರು ನಿಧಾನದ್ದು, ಅದು ಸಾಲಿನ ಕೊನೆಗೆ. ನಮ್ಮ ಹಿಂದೆ ದಸ್ತಗೀರ್ ಸಾಬನ ಲಾರಿ ಬರುತ್ತಿತ್ತು. ಬಯಲು ದಾಟುವವರೆಗೆ ಏನೂ ಆಗಲಿಲ್ಲ. ಆಮೇಲೆ ಉದ್ದನೆಯ ಇಳಿಜಾರು ಬಂತು. ನನ್ನ ಪಕ್ಕದ ಕನ್ನಡಿಯಲ್ಲಿ ಯಾವಾಗಲೂ ಮನೆಯ ಒಂದು ಅಂಚು ಮಾತ್ರ ಕಾಣುತ್ತದೆ. ಅದು ಒಮ್ಮೆ ಅಗಲವಾಗಿ ಕಂಡಿತು, ಆಮೇಲೆ ಪೂರ್ತಿ ಮರೆಯಾಯಿತು, ಮತ್ತೆ ಇನ್ನೂ ಅಗಲವಾಗಿ ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಲೋಕಣ್ಣನಿಗೆ ಸ್ಟಿಯರಿಂಗಿನಲ್ಲಿ ಗೊತ್ತಾಗಿತ್ತು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ. ಬ್ರೇಕು ಒತ್ತಲಿಲ್ಲ. ಒತ್ತಿದ್ದರೆ ಮನೆ ನಮ್ಮನ್ನು ದಾಟಿಕೊಂಡು ಮುಂದೆ ಬರುತ್ತಿತ್ತೇನೋ. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದುಕೊಂಡು, ಹಲ್ಲು ಕಚ್ಚಿ, ವೇಗ ತಾನಾಗಿ ಇಳಿಯಲಿ ಅಂತ ಕಾದ. ಇಳಿಜಾರು ಬಿಡಲಿಲ್ಲ. ಜೀಪಿನ ಹಿಂಭಾಗವನ್ನು ಯಾರೋ ಜುಟ್ಟು ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಎಳೆದ ಹಾಗಾಗುತ್ತಿತ್ತು. ನಾನು ಸೀಟಿನ ಅಂಚನ್ನು ಹಿಡಿದುಕೊಂಡಿದ್ದೆ. ರಸ್ತೆಯ ಒಂದು ಪಕ್ಕಕ್ಕೆ ಹಳ್ಳವಿತ್ತು.

ಆಮೇಲೆ ಕಬ್ಬಿಣ ಕಿತ್ತುಬರುವ ಸದ್ದು ಕೇಳಿಸಿತು. ಅದರ ಹಿಂದೆಯೇ ಏನೋ ಬಿದ್ದ ಸದ್ದು, ಆಮೇಲೆ ಅದರ ಮೇಲೆ ಲಾರಿ ಹಾದುಹೋದ ಸದ್ದು. ಬೆನ್ನಿನ ಭಾರ ಹೋದದ್ದೇ ತಡ, ಮನೆ ಎರಡು ಸಲ ತೊನೆದು ನೆಟ್ಟಗಾಯಿತು. ಕನ್ನಡಿಯಲ್ಲಿ ಮತ್ತೆ ಅದರ ಒಂದು ಅಂಚು ಮಾತ್ರ ಕಂಡಿತು. ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಬದುಕಿದೆವಲ್ಲ ಅನ್ನುವ ಸಂತೋಷ. ಬಿದ್ದದ್ದು ಏನು ಅಂತ ಹೊಳೆದದ್ದು ಆಮೇಲೆ. ಲೋಕಣ್ಣ ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿ ಅಂತ ನಾನು ಕೇಳುವಂತಿರಲಿಲ್ಲ. ಹೊಸ ಜಾಗ ಬರುವವರೆಗೂ ನಾವಿಬ್ಬರೂ ಮುಂದಿನ ಗಾಜನ್ನೇ ನೋಡುತ್ತಾ ಕೂತಿದ್ದೆವು. ನಡುವೆ ಇದ್ದ ಅವಲಕ್ಕಿಯ ಡಬ್ಬ ಹಾಗೇ ಇತ್ತು.

ತಲುಪಿದ ಮೇಲೆ ಮೊದಲ ಹೊಗೆ ಏಳುವವರೆಗೆ ಸ್ವಲ್ಪ ಹೊತ್ತಿರುತ್ತದೆ. ದಾರಿಯ ಜಗಳ, ಕ್ಷಮೆ, ಅಳು ಎಲ್ಲವನ್ನೂ ಅಷ್ಟರಲ್ಲೇ ಮುಗಿಸಿಕೊಳ್ಳುವುದು ನಮ್ಮಲ್ಲಿನ ಪದ್ಧತಿ. ಅದಕ್ಕೇ ಯಾರೂ ಒಲೆಗೆ ಅವಸರ ಮಾಡುವುದಿಲ್ಲ. ಊರಿನ ಯಜಮಾನರು ಎಲ್ಲರ ಮಾತು ಮುಗಿಯಿತೇ ಅಂತ ಕೇಳಿದ ಮೇಲೆಯೇ ಯಾರಾದರೂ ಬೆಂಕಿಪೊಟ್ಟಣ ತೆಗೆಯುತ್ತಾರೆ. ಲೋಕಣ್ಣ ಜೀಪಿನಿಂದ ಇಳಿದು ಮನೆಯ ಹಿಂದೆ ಹೋಗಿ ಮುರಿದ ಚೌಕಟ್ಟಿನ ಮುಂದೆ ನಿಂತಿದ್ದ. ನಾನು ಜೀಪಿನಲ್ಲೇ ಇದ್ದೆ. ಇಳಿಸಲು ಯಾರಾದರೂ ಬರಬೇಕಲ್ಲ. ಅವನು ಬಂದರೆ ನಾನೇ ಮೊದಲು ಹೇಳಬೇಕು, ಇದು ನಿಮ್ಮ ತಪ್ಪಲ್ಲ, ಅತ್ತು ಕಟ್ಟಿಸಿದವಳು ನಾನು ಅಂತ ಹೇಳಬೇಕು ಅಂದುಕೊಂಡು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವನು ಬರುತ್ತಿದ್ದ. ತಲೆ ತಗ್ಗಿಸಿಕೊಂಡು, ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ಬರುತ್ತಿದ್ದ. ಅಷ್ಟರಲ್ಲಿ ಕೊನೆಗೆ ಬಂದ ಟ್ರ್ಯಾಕ್ಟರಿನಿಂದ ಅತ್ತಿಗೆ ಇಳಿದಳು. ಮನೆಯ ಒಳಗೆ ಹೋದವಳು ಹೊರಗೆ ಬರುವಾಗ ಒಂದು ಮುಷ್ಟಿ ತೆಂಗಿನ ನಾರು ಹಿಡಿದುಕೊಂಡು ಬಂದಳು. ಯಾರನ್ನೂ ಕೇಳದೆ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದಳು. ಹೊಗೆ ಎದ್ದಿತು. ಲೋಕಣ್ಣ ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಊರಿನವರೆಲ್ಲ ತಿರುಗಿ ಹೊಗೆಯನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಕೆಲಸಕ್ಕೆ ಹೋದರು. ನಾನು ಜೋಡಿಸಿಕೊಂಡ ಮಾತು ಹಾಗೇ ಉಳಿಯಿತು.

ಅಲ್ಲಿಂದ ಶುರುವಾಯಿತು. ಮನೆಯ ಒಳಗೆ ನಾನು ಕೈಯೂರಿ ಜರುಗಿಕೊಂಡು ಓಡಾಡಬಲ್ಲೆ. ಹೊರಗಿನ ನೆಲ ಈ ಸಲ ಬರೀ ಚೂಪು ಕಲ್ಲು, ಅಂಗೈ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕಕ್ಕಸಿಗೆ ಅತ್ತಿಗೆ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು. ಹೋಗುವಾಗ ಬರುವಾಗ ಒಂದೂ ಮಾತಾಡುತ್ತಿರಲಿಲ್ಲ. ಅವಳ ಬೆನ್ನಿನ ಬೆವರು ನನ್ನ ಎದೆಗೆ ಹತ್ತುತ್ತಿತ್ತು. ಇಷ್ಟು ವಯಸ್ಸಾದ ಹೆಂಗಸು ಇನ್ನೊಬ್ಬ ಹೆಂಗಸಿನ ಬೆನ್ನ ಮೇಲೆ ಕೂಸಿನ ಹಾಗೆ ಕೂತು, ಸಾಲು ಮನೆಗಳ ಮುಂದೆ ಹಾದುಹೋಗುವುದು. ಎದುರಿಗೆ ಸಿಕ್ಕವರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು, ಹಾಗೆ ನೋಡುವುದು ನನಗೆ ಕಾಣುತ್ತಿತ್ತು. ಇನ್ನೊಂದು ಸಲ ಕರೆಯುವುದು ತಪ್ಪಲಿ ಅಂತ ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ತುಟಿ ಒಡೆಯಿತು, ಉರಿಮೂತ್ರ ಹಿಡಿಯಿತು, ಅದನ್ನೂ ಯಾರಿಗೂ ಹೇಳಲಿಲ್ಲ. ಅತ್ತಿಗೆಯ ಮೇಲೆ ನನಗೆ ಸಿಟ್ಟಿತ್ತು. ಗಂಡನನ್ನು ಉಳಿಸಿಕೊಳ್ಳಲು ಅವಸರದಲ್ಲಿ ಹೊಗೆ ಎಬ್ಬಿಸಿ ನನ್ನ ಬಾಯಿ ಕಟ್ಟಿದಳು ಅಂತ ಸಿಟ್ಟು. ಯಾರ ಮೇಲೆ ಸಿಟ್ಟೋ ಅವಳ ಬೆನ್ನ ಮೇಲೆಯೇ ದಿನಾ ಕೂರಬೇಕಲ್ಲ ಅಂತ ಇನ್ನಷ್ಟು ನಾಚಿಕೆ.

ಜನ ಒಳ್ಳೆಯವರು. ಕತ್ತಿ ಕತ್ತರಿಗಳನ್ನು ನನ್ನ ಮನೆಗೇ ತಂದುಕೊಡತೊಡಗಿದರು. ತಿರುಗುವ ಕಲ್ಲು ಸೈಕಲ್ಲಿನ ಜೊತೆಗೇ ಹೋಗಿತ್ತು. ಮೂಲೆಯಲ್ಲಿದ್ದ ಒಂದು ಮಸೆಯುವ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದೆ. ಮೊದಲ ಕತ್ತಿಯ ಅಲಗನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡಿದಾಗಲೇ ಗೊತ್ತಾಯಿತು, ಅದು ಆಗಲೇ ಹರಿತವಾಗಿತ್ತು. ಮುಂದಿನದೂ ಹಾಗೇ. ನನಗೆ ಕೆಲಸ ಕೊಡಬೇಕು ಅಂತ ಹರಿತವಾದದ್ದನ್ನೇ ತರುತ್ತಿದ್ದರು. ನಾನು ಅವುಗಳನ್ನು ಕಲ್ಲಿನ ಮೇಲೆ ಸುಮ್ಮನೆ ಸದ್ದು ಬರುವಷ್ಟು ಎಳೆದು, ಒರೆಸಿ ವಾಪಸು ಕೊಡುತ್ತಿದ್ದೆ. ಅವರು ಎಷ್ಟು ಚೆನ್ನಾಗಾಯಿತು ಅನ್ನುತ್ತಿದ್ದರು. ನಾನು ಹೌದು ಅನ್ನುತ್ತಿದ್ದೆ.

ಲೋಕಣ್ಣ ನನ್ನ ಮನೆಯ ಕಡೆ ಬರುವುದನ್ನೇ ನಿಲ್ಲಿಸಿದ್ದ. ಮರಗೆಲಸಕ್ಕೆಂದು ಮನೆಯ ಪಕ್ಕಕ್ಕೆ ಅವನು ಹಾಕಿಕೊಳ್ಳುವ ಕೊಟ್ಟಿಗೆ ನನ್ನ ಕಿಟಕಿಯಿಂದ ಕಾಣುತ್ತಿತ್ತು. ಹೊಸ ಜಾಗಕ್ಕೆ ಬಂದ ಮೇಲೆ ಯಾರದಾದರೂ ಬಾಗಿಲು ಸಡಿಲಾಗಿರುತ್ತದೆ, ಯಾರದೋ ಅಚ್ಚು ಬಾಗಿರುತ್ತದೆ, ಅವನ ಮನೆಯ ಮುಂದೆ ಜನ ಇರಲೇಬೇಕು. ಈ ಸಲ ಒಬ್ಬರೂ ಬರಲಿಲ್ಲ. ಆದದ್ದರ ಬಗ್ಗೆ ಮಾತಾಡುವಂತಿಲ್ಲ ಅಂದಮಾತ್ರಕ್ಕೆ ನಮ್ಮೂರಿನವರಿಗೆ ಬೈಯಲು ಬರುವುದಿಲ್ಲ ಅಂತಲ್ಲ. ಅವರು ಆಗಬೇಕಾದದ್ದರ ಮಾತಿನಲ್ಲಿ ಬೈಯುತ್ತಾರೆ. ಬರುವ ವರ್ಷ ನಮ್ಮ ಸೈಕಲ್ಲು ನಾವೇ ಕಟ್ಟಿಕೊಳ್ತೀವಿ ಆಚಾರ್ರೆ, ನಿಮಗ್ಯಾಕೆ ತೊಂದರೆ ಅಂತ ಒಬ್ಬ ದಾರಿಯಲ್ಲಿ ಹೋಗುತ್ತಾ ಅಂದ. ನಮ್ಮ ಮನೆಯ ಕೊಂಡಿ ಮುಂದಿನ ಸಲ ಬೇರೆಯವರ ಹತ್ತಿರ ನೋಡಿಸ್ತೀವಿ ಅಂತ ಇನ್ನೊಬ್ಬ. ಎಲ್ಲ ನಗುನಗುತ್ತಾ. ಲೋಕಣ್ಣ ಆಗಲಿ ಆಗಲಿ ಅಂತ ತಲೆಯಾಡಿಸುತ್ತಿದ್ದ. ಅವನು ಸಾಯುವವರೆಗೂ ಹೀಗೇ ತಲೆಯಾಡಿಸುತ್ತಾ ಇರುತ್ತಾನೆ ಅಂತ ನನಗೆ ಅನ್ನಿಸಿತು. ನಾನು ಕಿಟಕಿಯ ಪರದೆ ಎಳೆದೆ. ಅಷ್ಟೇ ನಾನು ಮಾಡಿದ್ದು.

ಅವನು ಕೊಟ್ಟಿಗೆಯೊಳಗೆ ಏನೋ ಬಡಿಯುವುದು ಮಾತ್ರ ದಿನಾ ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲಿನ ಮುಂದೆ ಒಂದು ಕೈಸೈಕಲ್ಲು ನಿಂತಿತ್ತು. ಮೈಯೆಲ್ಲ ಮರದ್ದು. ಹಲಸಿನ ಹಲಗೆಯ ಸೀಟು, ಕೈಹಿಡಿಗೆ ಬಟ್ಟೆ ಸುತ್ತಿದೆ. ಅದನ್ನು ಇಟ್ಟವನು ಹೋಗಿಯಾಗಿತ್ತು. ಬಹಳ ಚೆನ್ನಾಗಿದೆ ಅನ್ನುವಂತಿರಲಿಲ್ಲ. ಮುಂದಿನ ಗಾಲಿ ಸ್ವಲ್ಪ ದೊಡ್ಡದು, ಹಿಂದಿನ ಎರಡರಲ್ಲಿ ಒಂದು ಇನ್ನೊಂದಕ್ಕಿಂತ ಹಳೆಯದು. ಏರಿ ಕೂತು ತುಳಿದಾಗ ಎಡಕ್ಕೆ ಎಳೆಯುತ್ತಿತ್ತು. ಆದರೂ ಹೋಗುತ್ತಿತ್ತು. ಬಹಳ ದಿನಗಳ ಮೇಲೆ ನಾನು ನಾನಾಗಿಯೇ ಬೀದಿಗೆ ಬಂದೆ. ಜನ ದಾರಿ ಬಿಟ್ಟರು, ನಕ್ಕರು, ನಾನು ಯಾವತ್ತೂ ಇದರ ಮೇಲೆಯೇ ಓಡಾಡುತ್ತಿದ್ದೆನೇನೋ ಅನ್ನುವ ಹಾಗೆ ತಲೆಯಾಡಿಸಿದರು. ನಾನೂ ನಕ್ಕೆ. ನಲ್ಲಿಯವರೆಗೂ ಹೋದೆ.

ನಲ್ಲಿಯ ಹತ್ತಿರ ಅತ್ತಿಗೆ ಇದ್ದಳು. ಸೊಂಟದಲ್ಲಿ ಒಂದು ಕೊಡ, ತಲೆಯ ಮೇಲೆ ಇನ್ನೊಂದು. ಅವಳು ನೀರಿಗೆ ಯಾವಾಗಲೂ ಸೈಕಲ್ಲಿನಲ್ಲಿ ಬರುವವಳು, ಹಿಂದಿನ ಕ್ಯಾರಿಯರಿಗೆ ಕೊಡ ಕಟ್ಟಿಕೊಂಡು. ನನ್ನ ಕಣ್ಣು ತಾನಾಗಿಯೇ ಕೆಳಗೆ ಇಳಿದು ನನ್ನ ಹಿಂದಿನ ಗಾಲಿಗಳ ಮೇಲೆ ನಿಂತಿತು. ಒಂದರ ಕಡ್ಡಿಗಳಿಗೆ ಅವಳು ಯಾವತ್ತೋ ಸಿಕ್ಕಿಸಿದ್ದ ಕೆಂಪು ಮಣಿಗಳು ಇನ್ನೂ ಇದ್ದವು. ಅವಳ ಸೈಕಲ್ಲು, ಅವನ ಸೈಕಲ್ಲು ಎರಡನ್ನೂ ಬಿಚ್ಚಿಹಾಕಿ ನನಗೆ ಕಾಲು ಮಾಡಿದ್ದರು. ಅವಳ ಕತ್ತಿನ ನರ ಕೊಡದ ಭಾರಕ್ಕೆ ಉಬ್ಬಿತ್ತು. ಸರಿಯಾಗಿ ಆಗಲೇ ನೀರು ಹಿಡಿಯುತ್ತಿದ್ದ ಒಬ್ಬ ಹೆಂಗಸು, ಬರುವ ವರ್ಷ ಈ ಸೈಕಲ್ಲನ್ನು ಬುದ್ಧಿ ಇರೋರ ಕೈಗೆ ಕೊಡು ರುದ್ರಾಣಿ, ಗಟ್ಟಿಯಾಗಿ ಕಟ್ಟಿಕೊಡ್ತಾರೆ ಅಂದಳು. ನನಗೆ ಒಳ್ಳೆಯದನ್ನೇ ಬಯಸಿ ಅಂದದ್ದು. ಪಕ್ಕದಲ್ಲಿದ್ದವರು ಮೆಲ್ಲಗೆ ನಕ್ಕರು. ಅತ್ತಿಗೆ ಕೊಡ ಸರಿಮಾಡಿಕೊಂಡು ಹೊರಟಳು.

"ಲೋಕಣ್ಣ ಬೇಡ ಅಂದಿದ್ರು," ಅಂದೆ ನಾನು. "ಬಾಲಕ್ಕೆ ಭಾರ ಕಟ್ಟಬಾರದು ಅಂತ ಹಲಗೆ ಇಟ್ಟು ತೋರಿಸಿದ್ರು. ನಾನು ಕೇಳಲಿಲ್ಲ. ನನಗಾಗಿ ನಾಲ್ಕು ಜನ ಮೈಬಗ್ಗಿಸೋದನ್ನ ನೋಡೋಕೆ ನಾಚಿಕೆ ಅಂತ ಅತ್ತು ಕಟ್ಟಿಸಿದೆ. ಇಳಿಜಾರಲ್ಲಿ ಅವರು ಬ್ರೇಕ್ ಒತ್ತದೆ ಹಿಡಿದುಕೊಂಡಿದ್ದಕ್ಕೆ ನಾನು ಬದುಕಿದ್ದೀನಿ."

ನಲ್ಲಿಯ ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೆ ನನಗೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಈ ಸಲ ಯಾರೂ ಬೇರೆ ಕಡೆ ತಿರುಗಲಿಲ್ಲ. ನನ್ನ ಕಿವಿ ಸುಡುತ್ತಿತ್ತು. ಅತ್ತಿಗೆ ನಿಂತಳು. ತಲೆಯ ಕೊಡ ಇಳಿಸಿದಳು, ಸೊಂಟದ್ದೂ ಇಳಿಸಿದಳು.

"ಸುಮ್ಮನಿರು," ಅಂದಳು. ಆಮೇಲೆ ನನ್ನನ್ನಲ್ಲ, ಕೊಡವನ್ನು ನೋಡಿಕೊಂಡು ಹೇಳಿದಳು. "ಒರಳು ಹಿಂದಕ್ಕೆ ಇಟ್ಟವಳು ನಾನು. ಅವರು ಮೂತಿಗೆ ಇಟ್ಟಿದ್ರು. ಇಳಿಸೋಕೆ ಬಾಗಿಲಿಗೆ ಹತ್ತಿರ ಆಗಲಿ ಅಂತ ಹೊರಡುವಾಗ ಉರುಳಿಸಿಕೊಂಡು ಹೋಗಿ ಬಾಗಿಲ ಹತ್ತಿರ ಇಟ್ಟೆ. ಅಕ್ಕಿ ಡಬ್ಬಾನೂ ಅಷ್ಟೆ. ಅವರಿಗೆ ಗೊತ್ತಿಲ್ಲ. ಬಂದ ತಕ್ಷಣ ಬೆಂಕಿ ಹಚ್ಚಿದ್ದು ಅದಕ್ಕೇ. ಅವರು ಒಳಗೆ ಬಂದು ನೋಡಿ ಕೇಳಿಬಿಟ್ಟರೆ ಅಂತ."

ಗಾಡಿಮನೆಯ ಬಾಗಿಲು ಪಕ್ಕದ ಗೋಡೆಯಲ್ಲಿ, ಬಾಲದ ಕಡೆಗೆ ಇರುತ್ತದೆ. ಬೇರೆ ಏನೂ ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಅವಳ ಬೆನ್ನ ಮೇಲೆ ಕೂತು ಅವಳನ್ನು ಬೈದುಕೊಳ್ಳುತ್ತಿದ್ದೆ, ಅವಳು ನನ್ನನ್ನು ಹೊತ್ತುಕೊಂಡು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ನಾವಿಬ್ಬರೂ ಸೇರಿ ಆ ಮನುಷ್ಯನನ್ನು ಊರಿನ ಮುಂದೆ ತಲೆಯಾಡಿಸಲು ಬಿಟ್ಟಿದ್ದೆವು.

ಆ ಸಂಜೆಗೆ ನನ್ನ ಮನೆಯ ಕೆಳಗೆ ನೆಲ ಕಾಯಿಸಿದ ಹಂಚಿನ ಹಾಗಾಯಿತು. ಅವರ ಮನೆಯ ಕೆಳಗೂ ಅಷ್ಟೆ. ಯಜಮಾನರು ಬಂದು ಚಪ್ಪಲಿ ಬಿಟ್ಟು ಅಂಗಾಲಿನಲ್ಲಿ ಮುಟ್ಟಿ ನೋಡಿದರು. ಅವರಿಗೆ ಬೇಸರವಾಗಿತ್ತು. ಏನು ಮಾಡೋದು ಆಚಾರ್ರೆ ಅಂತಷ್ಟೇ ಅಂದರು. ಲೋಕಣ್ಣನಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಅವನು ಹೆಂಡತಿಯನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಅಂಗೈಯನ್ನು ನೆಲಕ್ಕೆ ಒತ್ತಿಕೊಂಡಿದ್ದ. ಚಳಿಯಲ್ಲಿ ಒಲೆಯ ಮುಂದೆ ಕೂತವರ ಹಾಗಿತ್ತು ಅವನ ಮುಖ. ಆಮೇಲೆ ಎದ್ದು ಜೀಪನ್ನು ಹಿಂದಕ್ಕೆ ತಂದು ಮನೆಯ ಕೊಂಡಿಗೆ ಸೇರಿಸಿದ. ಒಳಗೆ ಹೋಗಿ ಒರಳು ಎಲ್ಲಿದೆ ಅಂತ ಅವನೇ ನೋಡಿದ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಅದರ ಇನ್ನೊಂದು ಬದಿ ಹಿಡಿದಳು.

ಈಗ ನಾವು ಊರಾಚೆ, ಕಲ್ಲುಬಂಡೆಗಳ ಆಚೆಗೆ ಇದ್ದೇವೆ. ನಲ್ಲಿ ದೂರ. ಇಲ್ಲಿ ಏನು ಮಾತಾಡಿದರೂ ಬಿಸಿ ಹರಡಲು ಪಕ್ಕದ ಮನೆಯಿಲ್ಲ. ನೆಲ ಬಿಸಿಯಾದರೆ ಎರಡೂ ಮನೆಗಳನ್ನು ಇನ್ನಷ್ಟು ಆಚೆಗೆ ಎಳೆಯುತ್ತೇವೆ. ಮೊದಮೊದಲು ನಾವು ಮೂವರೂ ಮಾತಾಡಲಿಲ್ಲ, ಅಭ್ಯಾಸವಿರಲಿಲ್ಲ. ನನಗೆ ಅವರ ಮುಖ ನೋಡಲು ಈಗಲೂ ಕಷ್ಟವಾಗುತ್ತದೆ. ಅತ್ತಿಗೆ ಕೊಡ ಹೊತ್ತುಕೊಂಡು ಬರುವುದು ಕಂಡಾಗ ನಾನು ಏನೋ ಹುಡುಕುವವಳ ಹಾಗೆ ಒಳಗೆ ಜರುಗುತ್ತೇನೆ. ಲೋಕಣ್ಣನ ಹತ್ತಿರ ಮಾತ್ರ ಮತ್ತೆ ಜನ ಬರುತ್ತಿದ್ದಾರೆ. ಬಾಗಿಲು, ಅಚ್ಚು, ಕೊಂಡಿ. ಅವರು ಸಾಮಾನು ಇಟ್ಟು ಹೋಗುತ್ತಾರೆ, ನಮ್ಮ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮೊನ್ನೆ ಮಧ್ಯಾಹ್ನ ದಸ್ತಗೀರ್ ಸಾಬ ಬಂದ. ಕೈಯಲ್ಲಿ ಏನೂ ಇರಲಿಲ್ಲ. ಲೋಕಣ್ಣ ಇಲ್ಲ, ಪೇಟೆಗೆ ಹೋಗಿದ್ದಾರೆ ಅಂದೆ. ಗೊತ್ತು ಅಂದ. ಸೈಕಲ್ಲು ಬಿದ್ದ ದಿನದಿಂದ ನಾನು ಅವನ ಕಣ್ಣು ತಪ್ಪಿಸುತ್ತಿದ್ದೆ. ಅಷ್ಟು ಜನರಿರುವ ಮನೆ ಎಳೆಯುವವನ ಗಾಲಿಯ ಕೆಳಗೆ ನನ್ನ ಕಬ್ಬಿಣ ಹೋಗಿ ಬಿದ್ದಿತಲ್ಲ, ಲಾರಿ ಮಗುಚಿದ್ದರೆ ಏನು ಗತಿ ಅಂತ ನನಗೆ ಒಳಗೇ ಕೊರೆಯುತ್ತಿತ್ತು. ಅದನ್ನೇ ಕೇಳಲು ಬಂದಿದ್ದಾನೆ ಅಂದುಕೊಂಡೆ. ಅವನು ಮೆಟ್ಟಿಲಿನ ಹತ್ತಿರ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಲ್ಲಿ ಮಾತಾಡಬಹುದು ಅಂತ ಕೇಳಿದೆ ಅಕ್ಕ," ಅಂದ.

ಆಡಬಹುದು ಅಂದೆ.

"ನಿಮ್ಮ ಸೈಕಲ್ಲು ಒಮ್ಮೆಗೇ ಬೀಳಲಿಲ್ಲ. ಒಂದು ಬದಿ ಕಿತ್ತುಕೊಂಡು ಸ್ವಲ್ಪ ದೂರ ನೆಲಕ್ಕೆ ಉಜ್ಜುತ್ತಾ ಬಂತು. ನನಗೆ ಕಾಣ್ತಾ ಇತ್ತು. ಪಕ್ಕಕ್ಕೆ ತೆಗೆದುಕೊಳ್ಳೋಕೆ ಜಾಗ ಇತ್ತು. ತೆಗೆದುಕೊಳ್ಳಲಿಲ್ಲ. ಸಾಲು ತಪ್ಪುತ್ತೆ ಅಂತ ನೇರ ಹೋಗಿಬಿಟ್ಟೆ."

ನನಗೆ ಸಿಟ್ಟು ಬರುತ್ತದೇನೋ ಅಂತ ಕಾದೆ. ಪರವಾಗಿಲ್ಲ ಅನ್ನಬಹುದಿತ್ತು. ಆದರೆ ಪರವಾಗಿಲ್ಲ ಅನ್ನಿಸಿಕೊಂಡು ಹೋಗಲು ಅವನು ಬಂದ ಹಾಗೆ ಕಾಣಲಿಲ್ಲ. ಹಾಗೆ ಅನ್ನಿಸಿಕೊಂಡವರ ಸಂಕಟ ನನಗೆ ಗೊತ್ತು. ಅವನು ಹೇಳಿದ ಮೇಲೂ ಹೋಗದೆ ನಿಂತೇ ಇದ್ದ. ಬಿಸಿ ತಾಗಿರಬೇಕು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಅತ್ತಿಗೆ ತನ್ನ ಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು ಅಂತ ಕಾಣುತ್ತದೆ. ಹೊರಗೆ ಬಂದು ಲೋಕಣ್ಣನ ಕೊಟ್ಟಿಗೆಯಿಂದ ಒಂದು ಅಗಲವಾದ ಹಲಗೆ ಎಳೆದು ತಂದು ಅವನ ಕಾಲ ಬುಡಕ್ಕೆ ಹಾಕಿದಳು. ಇನ್ನೊಂದು ತಂದು ತಾನೂ ಕೂತಳು. ಕೂತ್ಕೊಳಿ ಸಾಬ್ರೆ, ಬಿಸಿಲಲ್ಲಿ ನಡೆದುಕೊಂಡು ಬಂದಿದ್ದೀರಿ ಅಂದಳು. ನಾನು ಒಳಗೆ ಜರುಗಿ ಒಂದು ಚೊಂಬು ನೀರು ತಂದುಕೊಟ್ಟೆ.

ಅವನು ನೀರು ಕುಡಿದು ಬಾಯಿ ಒರೆಸಿಕೊಂಡ. ಊರಿನ ಕಡೆ ಒಮ್ಮೆ ನೋಡಿದ. ಆಮೇಲೆ, ಹೇಳಬೇಕಾದ್ದು ಇನ್ನೊಂದಿದೆ, ಇದು ಬಹಳ ಹಳೆಯದು, ನನ್ನ ತಮ್ಮನ ವಿಷಯ ಅಂದ. ಅತ್ತಿಗೆ ತನ್ನ ಹಲಗೆಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು, ನಾನೂ ಬಾಗಿಲಿನ ಅಂಚಿಗೆ ಜರುಗಿದೆ.